ನೀರು ಬರೋ ದಿನ

ಮೊದಲು ವಾಲ್ವಿನ ಪೆಟ್ಟಿಗಿ ಹಚ್ಚಿದೆ. ಅದು ಕಾಯೂತನಕ
ರಾಜಮಾ ನದಾಫ ಚಾ ಕುಡದಳು,
ಬಶಿಯೊಳಗ ಹೊಯ್ಕೊಂಡು, ಊದಿ ಊದಿ.
ಘಂಟಿಕೇರಿಯ ಈ ಖೋಲಿಗೆ ಗೋಣಿತಟ್ಟಿನ ಗ್ವಾಡಿ.
ಫ್ಯಾನು ಬಂದ್. ಹಾಡುವಾಗ ಬೆವರು ಕಡ್ಡಾಯ.

"ಹಾಡ್ರಿ" ಅಂದೆ. ಹಾಡಿದಳು.
ದನಿ ಎಂಥಾದ್ದಂದ್ರ, ಕಟ್ಟಿಗಿ ಸೀಳುವಾಗ
ನಡುವ ಒಂದು ಗಂಟು ಸಿಕ್ಕು ಕೊಡಲಿ ತಡದ್ಹಂಗ.
ಗಂಟು ಉಳೀಬೇಕು, ಕಿವಿ ಹರೀಬಾರದು.
ನನ್ನ ಕಸಬು ಅಂದ್ರ ಇಷ್ಟ.

ಕಂಪ್ರೆಸರ್ ಹಾಕಿ ಕೇಳಿಸಿದೆ. ಮುಳ್ಳು ಕುಣೀತು.
"ಏರಿದ್ದು ಒತ್ತೀರಿ, ಇಳಿದದ್ದು ಎತ್ತೀರಿ,
ಹೊಲ ಚಲೋ ಸಮ ಆಗೇತ್ರಿ ಮಾಸ್ತರ,
ಬದು ಎಲ್ಲಿ ಹೋತು?" ಅಂದಳು ಕುಂದಗೋಳದಾಕಿ.
ಗುಂಡಿ ತಿರುವಿ ಅರ್ಧ ಸಡಿಲ ಬಿಟ್ಟೆ.

ಟೇಪ್ ಎಕೋ ತಗದೆ. ಗದಗಿನ ನಾಟಕ ಕಂಪನಿ ಮುಚ್ಚಿದಾಗ
ತೂಕದ ಲೆಕ್ಕದಾಗ ತಂದದ್ದು,
ಮೂವತ್ತು ವರ್ಷ ಅಶರೀರವಾಣಿ ನುಡಿದ ಯಂತ್ರ.
ಆಕಿ "ನಮ್ಮವ್ವ" ಅಂದರ ಅದು ಶಾಪ ಕೊಟ್ಟಂಗ
"ಅವ್ವ... ವ್ವ... ವ್ವ" ಅಂತು. ಇಬ್ಬರೂ ನಕ್ವಿ.
ಸ್ಪ್ರಿಂಗಿನ ಪೆಟ್ಟಿಗಿ ಲಗ್ನದ ಆರ್ಕೆಸ್ಟ್ರಾದ್ದು,
ಮೊಳಕೈ ತಾಗಿದರ ಸಾಕು, ಭಾಂಡೆ ಬಿದ್ದ ಸಪ್ಪಳ.

ಕಡೀಗೆ ಅಂಗಳಕ್ಕ ಹೋಗಿ ಸಂಪಿನ ಮುಚ್ಚಳ ಎತ್ತಿದೆ.
ನಳಾ ಬಂದು ಎಂಟು ದಿನ. ತಳ ಒಣಗಿತ್ತು,
ಯಾವಾಗಲೋ ಬಿದ್ದ ತಂಬಿಗಿ ಒಂದು ಕಂಡಿತು.
ಸ್ಪೀಕರ್ ಇಳಿಸಿದೆ, ಹಗ್ಗಕ್ಕ ಕಟ್ಟಿ ಮೈಕೂ ಇಳಿಸಿದೆ.
ಹೆಡ್‌ಫೋನ್ ಹಾಕ್ಕೊಂಡು ಆಕಿ ಒಂದು ಸಾಲು ಹಾಡಿ
ಸುಮ್ಮನಾದಳು. ಭಾಳ ಹೊತ್ತು.

"ಹಗೇವು ಇದು" ಅಂದಳು.
"ಸಣ್ಣಾಕಿದ್ದಾಗ ಜ್ವಾಳ ತಗಿಯಾಕ ನನ್ನ ಇಳಸತಿದ್ರು.
ಒಳಗಿನ ಗಾಳಿ ನಂಬಂಗಿಲ್ಲ. ಅವ್ವ ಮ್ಯಾಲೆ ಕುಂತು
ಹಾಡಕೋಂತ ಇರು ಅಂತಿದ್ಲು.
ಹಾಡು ನಿಂತರ ಹಗ್ಗ ಎಳಿಯೋದು."

ಮತ್ತ ಮೊದಲಿಂದ ಹಚ್ಚಿದ್ವಿ.
ಮೂರನೇ ನುಡಿಗೆ, ವಾಲ್ವ್‌ಮನ್ ಯಾವ ಸಂದಿಯಾಗ
ಚಾವಿ ತಿರುವಿದನೋ, ಪೈಪು ಕೆಮ್ಮಿತು.
ಮೊದಲು ಒಂದು ಹನಿ, ಆಮ್ಯಾಲೆ ಧಾರಿ.
ನೀರು ಏರಿದಂಗ ಎಕೋ ಗಿಡ್ಡಾತು, ಸ್ಪೀಕರ್ ಗುಳುಗುಳು ಅಂತು.
ನೆರಮನಿ ಕಸ್ತೂರೆವ್ವ ಕೊಡಾ ಹಿಡ್ಕೊಂಡು
ಓಡಿ ಬಂದ ಸಪ್ಪಳಾನೂ ಟೇಪಿನಾಗ ಐತಿ.
ರಾಜಮಾ ಕಣ್ಣು ಮುಚ್ಚಿದ್ದಳು.
ಹಾಡು ನಿಂತಿರಲಿಲ್ಲ,
ಆದರೂ ಓಡಿ ಹೋಗಿ ಹಗ್ಗ ಎಳದೆ.