ಎಂದೂ ಕಾಣದ ದೃಶ್ಯಗಳು

ಹುಬ್ಬಳ್ಳಿ ಏಜೆಂಟ್ ಹೆಬಸೂರ ಬಂದಾಗ
ಕೈಯಾಗ ಒಂದ ಕ್ಯಾಸೆಟ್ಟು, ಬಗಲಾಗ ಆಳೆತ್ತರದ ರಟ್ಟಿನ ನೀರುನಾಯಿ.
ಬೆಟಗೇರಿ ಬಸ್‌ಸ್ಟ್ಯಾಂಡಿನಿಂದ ಹೊತ್ತಗೊಂಡ ಬಂದಿದ್ದ,
ಹಿಂದ ಹುಡುಗೂರ ದಂಡು.
"ಐವತ್ತ ವರ್ಷದ ಹಳೀ ಚಿತ್ರ. ಒಂದೊಂದ ಹಾಳೀನೂ ಕೈಲೆ ಬರದದ್ದು.
ಶಿವರಾತ್ರಿತನಕ ಅಷ್ಟ ಮಾರಾಟ. ಆಮ್ಯಾಲ ಕಂಪನಿ ತಿಜೋರಿಗೆ.
ಏಳ ವರ್ಷ ಹೊರಗ ಬರೂದಿಲ್ಲ."

ತುಳಜಣಸಾ ಬಾಕಳೆ ಕನ್ನಡಕ ತಗದು ಒರಸಿದ್ರು.
"ಬಂಗಾರದ ಪಾಟ್ಲಿ ಏನ್ರೀ ಇದು, ತಿಜೋರ್ಯಾಗ ಇಡಾಕ?"
"ಸಿಗೂದಿಲ್ಲ ಅಂದ್ರನ ಜನ ಕೊಳ್ಳೂದು, ಸಾವಕಾರ್ರ."

ಒಂಬತ್ತನೂರು ರೂಪಾಯಿ.
ಕಾಶೀಬಾಯಿ ಹೊಲಿಗಿ ಮಷಿನ್ನಿಗಂತ ಕೂಡಿಟ್ಟದ್ದು.
ನಾಕ ದಿನ ಗಂಡನ ಕೂಡ ಮಾತಿಲ್ಲ.

ನಾನು ಅಲ್ಲಿ ಲೇಬಲ್ ಬರಿಯಾಕಿ. ಏಳನೇ ಕ್ಲಾಸು, ಅಕ್ಷರ ದುಂಡಗ.
"ಹಿಂದಕ್ಕ ಸುತ್ತಿ ಕೊಡಬೇಕು, ಇಲ್ಲಾಂದ್ರ ಎರಡ ರೂಪಾಯಿ ದಂಡ."
ಇದೊಂದರ ಮ್ಯಾಲ ಮಾತ್ರ ಬರಿಯಗೊಡಲಿಲ್ಲ ಸಾವಕಾರ್ರು:
ದಪ್ಪನ ಬಿಳೀ ಡಬ್ಬಿ, ಟಪ್ಪಂತ ಮುಚ್ಚೂದು,
ಬೆನ್ನಿಗೆ ಹೊಳಿಯೋ ಚೀಟಿ, ಹೊಳ್ಳಿಸಿದ್ರ ಬಣ್ಣ ಬದ್ಲಾಗೂದು.

ಯಾರೂ ಒಯ್ಯಲಿಲ್ಲ. ಇಂಗ್ಲಿಷು.
ಬಾಗಲದಾಗ ನಿಂತ ರಟ್ಟು ಬಿಸಲಿಗೆ ಬೆಳ್ಳಗಾತು,
ಎಡಗಿವಿ ಆಡು ತಿಂತು.

ಐದನೇ ರಾತ್ರಿ ಕಾಶೀಬಾಯಿ ತಾನ ಟೀವಿ ಹಚ್ಚಿದ್ಲು.
"ರೊಕ್ಕಂತೂ ಹೋತು, ನೋಡೇರ ನೋಡೂಣು."
ಮಗ್ಗ ನಿಂತ ಮ್ಯಾಲ ಓಣಿ ಹುಡುಗೂರೆಲ್ಲ ಪಡಸಾಲ್ಯಾಗ.
ನೀರುನಾಯಿ ನಮ್ಮಲ್ಲಿ ಕಂಡಾವರು ಯಾರು?
ಅಕಿ ಮುಂಗಲಿ ಅಂದ್ಲು, ಮುಂಗಲೀನ ಆತು.
ಹಿಮ ಬಿತ್ತು.
"ಅರಳಿ," ಅಂದ್ಲು, "ಜಿನ್ನಿನ ಗೋಡಾವನ್ ಒಡದೈತಿ."
ಗೋಣ ಹಾಕಿದ್ವಿ. ಹೌದು, ಅರಳಿ.

ಮರೀನ ಬಿಟ್ಟು ತಾಯಿ ಆ ಬಿಳಪಿನೊಳಗ ಹೋದ್ಲು.
ಒಂದ ಸಪ್ಪಳಾತು.
ಮತ್ತ ಬರಲಿಲ್ಲ.
ಹಿಂದಿನ ಸಾಲಿನ್ಯಾಗ ಯಾವನೋ ಅತ್ತ, ಬೆನ್ನಿಗೇ ಎಲ್ಲಾರೂ.
"ಅಳತೀರ್ಯಾಕ? ಲಕ್ಷ್ಮೇಶ್ವರ ಸಂತಿಗೆ ಹೋಗ್ಯಾಳ. ಬಸ್ಸು ತಪ್ಪೇತಿ. ಬರ್ತಾಳ."

ಚಿತ್ರ ಮುಗೀತು. ಕರೀ ಪರದೆ. ಕೆಳಗಿಂದ ಬಿಳೀ ಅಕ್ಷರ
ಸಾಲಸಾಲ ಮ್ಯಾಲ ಹತ್ತಾಕತ್ತಿದ್ವು.
"ನೋಡ್ರಿ, ಅಕಿ ಹೆಜ್ಜಿ.
ಕತ್ತಲಾಗೇತಿ, ಅಕಿ ಕಾಣಂಗಿಲ್ಲ. ಹೆಜ್ಜಿ ಅಷ್ಟ ಕಾಣ್ತಾವ."
ಉಸರ ಹಿಡದು ಕುಂತಿದ್ವಿ ಕಡೀ ಹೆಜ್ಜಿತನಕ.

ಮರುದಿನದಿಂದ ತಲಿಗೆ ಎಂಟಾಣೆ.
ಶಿವರಾತ್ರಿಗೆ ಹೊಲಿಗಿ ಮಷಿನ್ ಬಂತು.
ತಾಯಿ ಒಂದ ರಾತ್ರಿ ಸಂತಿಗೆ, ಒಂದ ರಾತ್ರಿ ತವರಿಗೆ,
ಒಂದ ರಾತ್ರಿ ತಂಗಿ ಬಾಣಂತನಕ್ಕ.
ಜೈನಬಿ ತೀರಿದ ವಾರ ಅಕಿ ಮಗ ಬಂದು ಮುಂದ ಕುಂತಿದ್ದ.
ಅವತ್ತ ಕಾಶೀಬಾಯಿಗೆ ಯಾವ ಊರ ಹೆಸರೂ ಬರಲಿಲ್ಲ.
ಅವನ ಹೇಳಿದ, ನಮ್ಮ ಕಡೆ ಹೊಳ್ಳಿ:
"ಸಂತಿಗೆ ಹೋಗ್ಯಾಳ."

ಮೊನ್ನೆ ಹುಬ್ಬಳ್ಳ್ಯಾಗ, ಮುಚ್ಚಾಕತ್ತಿದ್ದ ಅಂಗಡ್ಯಾಗ, ಡಿವಿಡಿ ಸಿಕ್ತು.
ಹೊದಿಕಿ ಮ್ಯಾಲ: ತಿಜೋರಿ ಮತ್ತೆ ತೆರೆದಿದೆ! ಕೊನೆಯ ಅವಕಾಶ!
ಬಣ್ಣ ತೊಳೆದ ಹೊಸ ಪ್ರತಿ. ಎಂದೂ ಕಾಣದ ದೃಶ್ಯ ಮೂರು!
ಮೊದಲ ಆ ಮೂರನ್ನ ಹಚ್ಚಿದೆ.
ಒಂದರಾಗ ಕಾಗಿ ಹಾಡತೈತಿ.
ಒಂದರಾಗ ಪೆನ್ಸಿಲ್ಲಿನ ಬ್ಯಾಟಿಗಾರ, ಮಾರಿ ಇನ್ನೂ ಬರದಿಲ್ಲ.
ಮೂರನೇದು ಬರೇ ಗಿಡ, ಗಾಳಿ.
ಗಿಡದ ಹಿಂದ ಏನರ ಅಲಗಾಡಿತೇನಂತ
ನಾಕ ಸಲ ನಿಲ್ಲಿಸಿ ನೋಡಿದೆ.

ಈಗ ಇಂಗ್ಲಿಷ್ ಬರ್ತೈತಿ ನನಗ. ಕಡೀಗೆ ಹೆಜ್ಜಿ ಓದಿದೆ.
ಬಣ್ಣ ತುಂಬಿದವರು ಅಂತ ಬರೇ ಹೆಂಗಸರ ಹೆಸರು,
ಯಾರೋ ಮೇಬಲ್, ಯಾರೋ ಡೊರೊತಿ,
ದಿನಗೂಲಿಗೆ ಗೆರಿಯೊಳಗ ಗೆರಿ ಮೀರದಂಗ ಕೈ ಆಡಿಸಿದಾವರು.

ತಂಗಿ ಮಗಳು ರಿಮೋಟಿಗೆ ಕೈ ಹಾಕಿದ್ಲು.
"ಮುಗೀತಲ್ಲ, ದೊಡ್ಡವ್ವಾ?"
"ತಡೀಯವ್ವ," ಅಂದೆ, "ಇನ್ನೂ ಮನಿ ಮುಟ್ಟಿಲ್ಲ."