ಡೋಣಿ

ಮೆಹಜಬೀನ ಮೇಡಮ್ಮೋರು ಜೀಪಿನ ಬಾನೆಟ್ಟಿನ ಮ್ಯಾಲೆ
ನಕಾಶಿ ಹಾಸಿ ನಾಲ್ಕು ಮೂಲಿಗೆ ನಾಲ್ಕು ಕಲ್ಲಿಟ್ಟರು.
ಕಪ್ಪತಗುಡ್ಡದ ಗಾಳಿ ಅದು, ಬಿಟ್ಟರ
ಡಂಬಳದ ಕೆರಿ ದಾಟಿ ಒಯ್ಯತೈತಿ ಕಾಗದ.

"ಈ ಗುಡ್ಡ ಮೊದಲ ತಗ್ಗಿತ್ತು" ಅಂದರು.
ನಾನು ಡ್ರೈವರ್. ಹೂಂ ಅಂದೆ.
ಏರು ಹತ್ತೋ ಹೊತ್ತಿಗೆ ಎಂಜಿನ್ನು ಕಾದಿತ್ತು;
ತಗ್ಗು ಅನ್ನೋ ಮಾತು ಅದಕ್ಕ ಹೇಳಬೇಕಿತ್ತು.

ದೂಡಿದರ ಗುಡ್ಡ ಏಳತೈತಿ, ಅದು ನನಗೂ ತಿಳೀತೈತಿ,
ಜಮಖಾನಿ ಒಂದು ಕಡಿಂದ ತಳ್ಳಿದರ ಮಡಿಕಿ ಬೀಳೂ ಹಂಗ.
ಆದರ ಅದಕ್ಕೂ ಮೊದಲ
ಎರಡೂ ಕಡಿಂದ ಜಗ್ಗಿತ್ತಂತ.
ನೆಲ ಜೋಳದ ಹಿಟ್ಟಿನ ಜಾತಿ,
ಗೋದಿ ಕಣಕ ಅಲ್ಲ, ಜಗ್ಗಿದಷ್ಟು ಬರಾಕ.
ನಡುವ ಬಿರೀತು.
ಬಿರಿದ ತುಂಡು ಇದ್ದಲ್ಲೇ ನಿಲ್ಲಲಿಲ್ಲ,
ಓರೆ ಜಾರಿ ಕೆಳಗ ಕುಂತಿತು
ಹಳೇ ಮನಿಯ ಹೊಸ್ತಿಲು ಒಂದು ಬದಿ ಕುಸಿದಂಗ,
ವರ್ಷಕ್ಕೊಂದು ಉಗುರಿನಷ್ಟು.
ಯಾರಿಗೂ ಕೇಳಲಿಲ್ಲ.
ಕೇಳಾಕ ಕಿವಿ ಇನ್ನೂ ಹುಟ್ಟಿರಲಿಲ್ಲ.

ತಗ್ಗು ಬಿದ್ದಲ್ಲಿ ನೀರು ಬರೋದು ಎಲ್ಲಾ ಊರಿನ ಕಾಯ್ದೆ.
ಸಮುದ್ರ ಬಂತು. ಅದರ ತಳದಾಗ ಬೆಂಕಿ ಉಕ್ಕಿ
ನೀರಿನ ತಂಪಿಗೆ ದಿಂಬು ದಿಂಬಾಗಿ ಹೆಪ್ಪುಗಟ್ಟಿತು.
(ಆ ದಿಂಬು ನಾ ನೋಡೀನಿ. ಬುತ್ತಿ ಉಂಡ ಮ್ಯಾಲೆ
ತಲಿ ಇಟ್ಟೂ ನೋಡೀನಿ.)
ದಂಡಿಂದ ಹರಳು, ಉಸುಕು, ರಾಡಿ ಉರುಳಿ ಬಂದು
ತಗ್ಗು ತುಂಬತಾ ತುಂಬತಾ
ತುಂಬಿದ ಭಾರಕ್ಕ ಮತ್ತಷ್ಟು ತಗ್ಗು.
ಇನ್ನೂರ ಎಪ್ಪತ್ತು ಕೋಟಿ ವರ್ಷದ ಲೆಕ್ಕ.
ಮೇಡಮ್ಮೋರು ಸೊನ್ನಿ ಬರಕೋತ ಹ್ವಾದರು,
ನಾನು ಡೀಸೆಲ್ ಚೀಟಿ ತಗದು ಅದರ ಸೊನ್ನಿ ಎಣಿಸಿದೆ.

ಸಂಜಿಗೆ ನಮ್ಮ ಆಯಿ ಮನಿಗೆ ಇಳಿದಿವಿ, ಚಹಾಕ್ಕ.
ಊರಿನ ಹೆಸರು ಡೋಣಿ.
ನಾವಿ ಅಂತಾರ ಕೆಲವರು, ಬಂಡಿಗಲ್ಲಿನ ಮ್ಯಾಲೆ
ನೀರು ನಿಲ್ಲೋ ಕುಳಿ ಅಂತಾರ ಕೆಲವರು.
ನಾವಿ ಮುಳುಗೋವಷ್ಟು ನೀರು ಇಲ್ಲೆ ನಾ ಕಂಡಿಲ್ಲ.

ಆಯಿ ನೀಲಗಂಗವ್ವ, ಜಾಲಗಾರರ ಮನಿತನ.
ಮಳಿ ನಿಂತ ಮರುದಿನ ಹಳ್ಳದ ಉಸುಕು ಮರಿಗ್ಯಾಗ ಹಾಕಿ
ತೂಗಿ, ತಿರುವಿ, ನೀರು ಚೆಲ್ಲಿ,
ಕಡೀಕ ಉಳಿದ ಕರೀ ಗೆರಿಯಾಗ
ಸಾಸಿವಿ ಸೀಳಿನಷ್ಟು ಬಂಗಾರ ಹುಡುಕಿದ ಕೈ.
ಮರಿಗಿ ಈಗ ಕೋಳಿಗೆ ನೀರಿಡಾಕ ಐತಿ. ಒಂದು ಕಡೆ ಸೀಳಿ
ಡಾಂಬರು ಮೆತ್ತ್ಯಾಳ.

ಮೇಡಮ್ಮೋರ ಚೀಲದಿಂದ ಒಂದು ಕಲ್ಲು ಹೊರಗ ಬಂತು.
ಕೆಂಪು ಬಣ್ಣದ ಬಾಣ, 'ಮ್ಯಾಲೆ' ಅಂತ ಗುರುತು.
ಆಯಿ ಬಲ್ಬಿಗೆ ಹಿಡಿದು ಹೆಬ್ಬಟ್ಟಿಲೆ ಸವರಿ ನೋಡಿ,
"ಬಾಣ ತಪ್ಪು ಬರದೀ ಯವ್ವಾ.
ದಪ್ಪ ಕಾಳು ತಳಕ್ಕ ಕೂಡತೈತಿ, ಸಣ್ಣಂದು ಮ್ಯಾಲೆ.
ಇಲ್ಲೆ ದಪ್ಪಂದು ಬಾಣದ ಕಡೆ ಐತಿ.
ಇದು ಬೋರಲು."

ಬಸಿ ಕೆಳಗಿಟ್ಟರು ಮೇಡಮ್ಮೋರು.
ಸ್ವಲ್ಪ ಹೊತ್ತು ಕೋಳಿ ನೀರು ಕುಡಿಯೋದಷ್ಟೇ ಸಪ್ಪಳ.
"ಬಾಣ ಸರಿ ಐತಿ ಆಯಿ. ಗುಡ್ಡದಾಗ ಹಿಂಗೇ ಇತ್ತು.
ಬೋರಲಾದದ್ದು ಗುಡ್ಡ."

ಜಗ್ಗಿದ್ದೇ ತಿರುಗಿ ಒತ್ತಿದಾಗ
ತುಂಬಿದ ಸಮುದ್ರದ ತಳ ಮಡಚಿ, ಮ್ಯಾಲೆದ್ದು, ಮಗುಚಿತ್ತು.
ಹಳೇ ಬಿರುಕಿನ ಗುಂಟ ಬಿಸಿನೀರು ಏರಿ ಬಂದು
ಬೆಣಚುಕಲ್ಲಿನ ಸಂದ್ಯಾಗ ಬಂಗಾರ ಬಿಟ್ಟು ಹೋಗಿತ್ತು.
ಆ ಚೂರೇ ಸವೆದು ಸವೆದು ಹಳ್ಳಕ್ಕ.

ಆಯಿ ನಕ್ಕಳು, ಇದ್ದ ಮೂರು ಹಲ್ಲಿಲೆ.
"ಅಂದ್ರ ಇಷ್ಟು ವರ್ಷ ನಾ ತೊಳದದ್ದು
ಇನ್ನೊಂದು ಮರಿಗಿಯ ಎಂಜಲಾ?"

ಕತ್ತಲಾಗ ಇಳಿಯೋ ಮುಂದ
ಗಾಳಿಗಿರಣಿಯ ಕೆಂಪು ದೀಪ ಒಂದೊಂದೇ ಹತ್ತಿದವು.
ಎಂಜಿನ್ನು ಆರಾಮಿತ್ತು. ಇಬ್ಬರೂ ಮಾತಾಡಲಿಲ್ಲ.
ಕಲ್ಲು ಮಾತ್ರ ಹಿಂದಿನ ಸೀಟಿನಾಗ
ತಿರುವಿಗೊಮ್ಮೆ ಉರುಳತಿತ್ತು,
ಬಾಣ ಒಮ್ಮೆ ಆಕಾಶಕ್ಕ,
ಒಮ್ಮೆ ನಮ್ಮ ಕಡೆ.