ಹೊಸ್ತಿಲಾಚೆಯ ಎಡೆ

ದುರ್ಗದ ಖಜಾನೆಯ ಹಳೆ ದಾಖಲೆ ಕೋಣೆಯಲ್ಲಿ
ಗುಮಾಸ್ತ ತಿಪ್ಪೇರುದ್ರಪ್ಪ ಕಡತ ಕೊಡವಿ ಕೇಳಿದರು:
‘ಹೆಸರು ಸರಿಯಾಗಿ ಹೇಳ್ರಿ ತಾಯಿ,
ಕೇತಪ್ಪನೋ, ಕಾಟಪ್ಪನೋ, ಕೈತಾಪನೋ?
ಬಿಳಿಯರ ಕಿವಿಗೆ ನಮ್ಮೋರೆಲ್ಲ ಒಂದೇ.’
ಕ್ಯಾತಪ್ಪ, ಅಂದೆ. ಚಳ್ಳಕೆರೆ.
ಕಂಬಳಿ ನೇಯುವವರ ಬೀದಿ.
ಆ ಒಂದು ಒತ್ತಕ್ಷರ ಹುಡುಕಲು
ನನಗೆ ಮೂರು ಬೇಸಿಗೆ ಹಿಡಿದಿತ್ತು.

ಮನೆಯಲ್ಲಿದ್ದ ಕತೆಯೇ ಬೇರೆ:
ಬರ್ಮಾದಲ್ಲಿ, ಎದೆಗೆ ಗುಂಡು,
ಬಿದ್ದರೂ ಬಂದೂಕು ಬಿಡಲಿಲ್ಲವಂತೆ.
ಹೇಳುತ್ತಿದ್ದವನು ತಾತ ಮೈಲಾರಪ್ಪ, ಅವನ ತಮ್ಮ,
ಹುಣಸೆಬೀಜದ ಗಂಜಿಗೆ ಮೊಣಕೈವರೆಗೆ ಕೈ ಅದ್ದಿ
ಹಾಸಿದ ನೂಲಿಗೆ ಸವರುತ್ತ,
ಒಮ್ಮೆಯೂ ನಮ್ಮ ಮುಖ ನೋಡದೆ.

ಕಡತದಲ್ಲಿ ಬಂದೂಕೇ ಇಲ್ಲ.
ಕುರಿ ಮೇಯಿಸಿದವನು ಅಂತ ಕೇಳಿ
ಕೈಗೆ ನಾಲ್ಕು ಹೇಸರಗತ್ತೆಗಳ ಹಗ್ಗ ಕೊಟ್ಟಿದ್ದಾರೆ.
ಅವಕ್ಕೂ ನಂಬರು, ಅವನಿಗೂ ನಂಬರು.
ಸಾವಿರದ ಒಂಬೈನೂರ ನಲವತ್ಮೂರು, ಮಳೆಗಾಲ.
ಕಾರಣ: ರಕ್ತಭೇದಿ.
ಉಳಿದ ಸಾಮಾನು: ತಟ್ಟೆ ಒಂದು, ಚರ್ಮದ ಪಟ್ಟಿ ಒಂದು,
ಕರಿ ಕಂಬಳಿ ಒಂದು, ಅದರ ಮುಂದೆ ‘ಸುಡಲಾಯಿತು’.
ಸೋಂಕಿನ ಭಯಕ್ಕಿರಬೇಕು.
ಉಣ್ಣೆ ಸುಟ್ಟರೆ ಹೇಗೆ ನಾರುತ್ತದೆಂದು ನನಗೆ ಗೊತ್ತು,
ಆ ಕಾಡಿನಲ್ಲಿ ಒಂದು ಗಳಿಗೆ
ನಮ್ಮ ಬೀದಿಯ ವಾಸನೆ ಎದ್ದಿರಬೇಕು.

ಮುಂದಿನ ಹಾಳೆಗಳೆಲ್ಲ ಹೆಬ್ಬೆಟ್ಟು.
ನನ್ನಜ್ಜಿ ದ್ಯಾಮಕ್ಕನದು.
ವರ್ಷಕ್ಕೊಂದು ನೀಲಿ ಸುಳಿ,
‘ನಾನು ಮರುಮದುವೆಯಾಗಿಲ್ಲ’ ಎಂಬ ಸಾಲಿನ ಕೆಳಗೆ.
ಸಾಕ್ಷಿ: ಮೈಲಾರಪ್ಪ, ಸೊಟ್ಟ ಅಕ್ಷರ.
ಅಷ್ಟರಲ್ಲಿ ಒಳಮನೆಯಲ್ಲಿ, ದೀಪ ಸಣ್ಣಗೆ ಮಾಡಿ,
ಅವನೇ ಅವಳಿಗೆ ಸೀರೆ ಉಡಿಸಿ ಉಡಿಕೆ ಆಗಿತ್ತು.
ನಲವತ್ತೇಳರಲ್ಲಿ ಹುಟ್ಟಿದ ನಮ್ಮಪ್ಪನಿಗೆ
ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಕ್ಯಾತಪ್ಪ.
ಸತ್ತು ನಾಲ್ಕು ವರ್ಷಕ್ಕೆ ಮಗನನ್ನು ಪಡೆದ ಸಿಪಾಯಿ!
ಯಾರೂ ಕೇಳಲಿಲ್ಲ.
ಶಾಲೆ ಚಳ್ಳಕೆರೆಯಲ್ಲಿ, ಖಜಾನೆ ದುರ್ಗದಲ್ಲಿ,
ನಡುವೆ ಹದಿನೆಂಟು ಮೈಲಿ.
ಕಾಗದಗಳು ಎಂದೂ ಬಸ್ಸು ಹತ್ತಲಿಲ್ಲ.

ಆ ದುಡ್ಡಿನಲ್ಲಿ ಅಪ್ಪ ಎಸ್ಸೆಸ್ಸೆಲ್ಸಿ ಓದಿದ,
ಮಗ್ಗದ ಗುಣಿಯಿಂದ ಮೇಲೆದ್ದು ಬಂದ ಮೊದಲನೆಯವನು.
ನಾನೀಗ ಹಿಡಿದಿರುವ ಈ ಪೆನ್ನು
ಒಬ್ಬನ ಭೇದಿಯಿಂದ, ಇಬ್ಬರ ಸುಳ್ಳಿನಿಂದ ಬಂದದ್ದು.
ಅವನು ಬದುಕಿ ಬಂದಿದ್ದರೆ
ಸಂತೋಷಪಡಲು ನಾನೇ ಇರುತ್ತಿರಲಿಲ್ಲ.
ಇದನ್ನು ಯಾರ ಮುಂದೆ ಹೇಳಲಿ.

ನಕಲು ಬೇಕಾದರೆ ಅರ್ಜಿ ತುಂಬಬೇಕಂತೆ.
‘ಮೃತರಿಗೂ ಅರ್ಜಿದಾರರಿಗೂ ಸಂಬಂಧ:’
ಬರೆಯದೆ ಕೂತೆ.
ಕಿಟಕಿಯಾಚೆ ಕೋಟೆಯ ಬಂಡೆ ಬಿಸಿಲಿಗೆ ಕಾದಿತ್ತು,
ದೂರದ ಬೆಟ್ಟದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು,
ಒಂದು ಮಾತ್ರ ನಿಂತಿತ್ತು.
‘ಮೊಮ್ಮಗಳು ಅಂತ ಬರೀರಿ,
ನಿಮ್ಮಪ್ಪನ ಟಿಸಿಯಲ್ಲಿ ಹಂಗೇ ಐತಲ್ಲ,’
ಅಂದರು ತಿಪ್ಪೇರುದ್ರಪ್ಪ, ಟೀ ಲೋಟ ಪಕ್ಕಕ್ಕಿಟ್ಟು.
ಬರೆದೆ.
ಮನೆಯ ಸುಳ್ಳಿಗೆ ನನ್ನದೂ ಒಂದು ಸಹಿ ಬಿತ್ತು.

ಮಹಾಲಯ ಅಮಾವಾಸ್ಯೆಯ ದಿನ ಅಜ್ಜಿ
ಒಳಗೆ ಹಿರಿಯರಿಗೆಲ್ಲ ಎಡೆ ಇಟ್ಟ ಮೇಲೆ
ಹೊಸ್ತಿಲಾಚೆ ಇನ್ನೊಂದು ಇಡುತ್ತಿದ್ದಳು,
ಕಲ್ಲಿನ ಮೇಲೆ, ಮುತ್ತುಗದ ಎಲೆಯಲ್ಲಿ.
‘ಅದು ಯಾರಿಗಜ್ಜಿ?’
‘ಬರೋರಿಗೆ.’
ಬಾಡಿನ ಸಾರು, ಖಾರ ಒಂದು ಕೈ ಮುಂದು.
ಅವನಿಗೆ ಹಾಗೆಯೇ ಇಷ್ಟವಿತ್ತೋ ಏನೋ.

ಈ ವರ್ಷ ಎಡೆ ನಾನಿಟ್ಟೆ.
ಮೆತ್ತಗೆ ಬೇಯಿಸಿದ ಅನ್ನ, ನೀರುಮಜ್ಜಿಗೆ, ಚಿಟಿಕೆ ಉಪ್ಪು.
ಖಾರ ಹಾಕಲಿಲ್ಲ.